ಮನೆಯ ಮಾತು: ಮೇಲೆ ತಳುಕು, ಒಳಗೇನು?

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರ ಕಾಲದಲ್ಲಿ ಮನೆ ಕಟ್ಟುವುದೆಂದರೆ ಗೋಡೆ ಎಬ್ಬಿಸಿ ಮಾಡು ಹೊದಿಸುವುದಾಗಿತ್ತು. ಮರದ ಪೆಟ್ಟಿಗೆಯೊಂದು, ಗೋಡೆಯಲ್ಲಿ ಎರಡು ಗೂಡು, ಅಡಿಗೆಮನೆಯಲ್ಲೊಂದು ನಿಲುವು ಇದ್ದರೆ ಸಂಸಾರದ ಸಾಮಾನೆಲ್ಲವೂ ಅಡಗುತ್ತಿತ್ತು. ಇಂದಿನ ನಗರವಾಸಿಗೆ ಮನೆಯ ಬೀಗದ ಕೈ ದೊರೆತ ಮೇಲೆ ಇನ್ನೊಂದು ಮನೆಯನ್ನೇ ಕಟ್ಟುವಷ್ಟು ಕೆಲಸ ಉಳಿದಿರುತ್ತದೆ. ಅಡಿಗೆಮನೆಯ ಕಪಾಟು, ಮಲಗುವ ಕೋಣೆಯ ಬಟ್ಟೆಬೀರು, ಮಕ್ಕಳ ಓದುಮೇಜು, ದೇವರ ಗೂಡು, ಪುಸ್ತಕದ ಅಟ್ಟಣಿಗೆ ಒಂದೊಂದಾಗಿ ಎದ್ದು ನಿಲ್ಲಬೇಕು. ಇವುಗಳಲ್ಲಿ ಬಹುಪಾಲಿಗೆ ಹೊರಮೈಯಾಗಿ ಬರುವುದು ಬಡಗಿಗಳ ಬಾಯಲ್ಲಿ ‘ಮೈಕಾ’ ಎನಿಸಿಕೊಂಡ ಲ್ಯಾಮಿನೇಟ್ ಹಾಳೆ.

ಈ ಹಾಳೆಯನ್ನು ಆರಿಸುವ ಕ್ರಮವೇ ವಿಚಿತ್ರವಾದುದು. ಅಂಗಡಿಯಲ್ಲಿ ನೂರಾರು ಮಾದರಿ ತುಂಡುಗಳು ಸರಪಳಿಯಲ್ಲಿ ತೂಗಾಡುತ್ತಿರುತ್ತವೆ. ಮನೆಮಂದಿಯೆಲ್ಲ ಕೂಡಿ ಭಾನುವಾರದ ಹಗಲೆಲ್ಲವನ್ನೂ ಬಣ್ಣದ ಚರ್ಚೆಯಲ್ಲಿ ಕಳೆಯುತ್ತಾರೆ. ತೇಗದ ಗೆರೆಯೋ, ದಂತದ ಬಿಳುಪೋ, ಹೊಳೆಯುವುದೋ, ಮಂಕಾಗಿರುವುದೋ ಎಂಬ ವಾದ ಊಟದ ಹೊತ್ತು ಮೀರಿದರೂ ಮುಗಿಯದು. ಕೊನೆಗೆ ಹೊರಡುವ ಮುನ್ನ, “ಒಳಗಿನ ಹಲಗೆ ಯಾವುದಾದರೂ ಆದೀತು, ಸ್ವಲ್ಪ ಅಗ್ಗದ್ದನ್ನೇ ಹಾಕಿ” ಎಂದು ಒಂದೇ ಮಾತಿನಲ್ಲಿ ಆ ವಿಷಯ ತೀರಿಹೋಗುತ್ತದೆ. ಮೂರು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಬಿಲ್ಲಿನಂತೆ ಬಾಗಿ, ತೊಟ್ಟಿಯ ಕೆಳಗಿನ ಕಪಾಟು ಉಬ್ಬಿ, ಅಂಚಿನ ಪಟ್ಟಿ ಕಳಚಿದಾಗ ಬೈಗುಳ ತಿನ್ನುವವನು ಬಡಗಿ. ಹಲವು ವರ್ಷಗಳ ಉಳಿತಾಯ ಕಣ್ಣೆದುರೇ ಸಿಪ್ಪೆಯೇಳುವುದನ್ನು ನೋಡುವ ಸಂಕಟ ಮನೆಯವರದು. ಆದರೆ ಬಾಗಿದ ಬಾಗಿಲಿನ ಮೇಲೆ ಹಾಳೆಯ ಬಣ್ಣ ಮಾತ್ರ ಮೊದಲಿನಂತೆಯೇ ಇರುತ್ತದೆ! ಮೇಲೆ ತಳುಕು, ಒಳಗೆ ಹುಳುಕು ಎಂಬ ನುಡಿ ಇಂತಹ ಬೀರುವನ್ನು ಕಂಡೇ ಹುಟ್ಟಿತೇನೋ ಎನಿಸುತ್ತದೆ.

ಕಾಗೆಬಂಗಾರವಿಲ್ಲದ ಮೈಕಾ

ಹಾಳೆಯ ಗುಣವನ್ನು ಅರಿಯಲು ಅದರ ಹುಟ್ಟನ್ನು ತಿಳಿಯುವುದು ಒಳ್ಳೆಯದು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞ ೧೯೦೭ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಕೂಡಿಸಿ ಬೇಕಲೈಟ್ ಎಂಬ ರಾಳವನ್ನು ಸಾಧಿಸಿದ. ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಾರ್ಖಾನೆಯಲ್ಲಿದ್ದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಎಂಬ ಇಬ್ಬರು ಇಂಜಿನಿಯರುಗಳು ಇಂತಹ ರಾಳವನ್ನು ಪದರಗಳಿಗೆ ಉಣಿಸಿ, ಒತ್ತಿ ಗಟ್ಟಿಮಾಡಿದರೆ ವಿದ್ಯುತ್ತನ್ನು ತಡೆಯುವ ಬಲವಾದ ವಸ್ತು ದೊರೆಯುವುದೆಂದು ಕಂಡುಕೊಂಡರು. ಆ ದಿನಗಳಲ್ಲಿ ವಿದ್ಯುತ್ ಯಂತ್ರಗಳಲ್ಲಿ ತಡೆಯಾಗಿ ಬಳಕೆಯಲ್ಲಿದ್ದುದು ಅಭ್ರಕ, ಅಂದರೆ ನಮ್ಮ ಕಡೆಯ ಕಾಗೆಬಂಗಾರ, ಇಂಗ್ಲಿಷಿನಲ್ಲಿ ಮೈಕಾ. ಮೈಕಾದ ಬದಲಿಗೆ, ಅಂದರೆ ‘ಫಾರ್ ಮೈಕಾ’ ಬಂದ ವಸ್ತುವಾದುದರಿಂದ ಅದಕ್ಕೆ ಫಾರ್ಮೈಕಾ ಎಂಬ ಹೆಸರಾಯಿತು. ೧೯೧೩ರಲ್ಲಿ ಸಿನ್ಸಿನಾಟಿ ನಗರದಲ್ಲಿ ಆ ಹೆಸರಿನ ಕಂಪೆನಿಯೇ ಆರಂಭವಾಯಿತು.

ಯಂತ್ರದೊಳಗೆ ಅಡಗಿದ್ದ ಈ ವಸ್ತು ಮನೆಯೊಳಕ್ಕೆ ಕಾಲಿಡಲು ಇನ್ನಷ್ಟು ವರ್ಷಗಳು ಹಿಡಿದವು. ಫಿನಾಲ್ ರಾಳದ ಬಣ್ಣ ಕಂದು. ಅದರಲ್ಲಿ ಬೆಳ್ಳನೆಯ ಮೇಜು ಆಗದು. ೧೯೩೦ರ ದಶಕದ ಕೊನೆಗೆ ಮೆಲಮಿನ್ ರಾಳ ಬಳಕೆಗೆ ಬಂದಿತು. ಅದು ಗಾಜಿನಂತೆ ನಿರ್ಮಲ, ಕಲ್ಲಿನಂತೆ ಗಡಸು. ಕೆಳಗಿನ ಪದರಗಳಿಗೆ ಫಿನಾಲ್, ಮೇಲಿನ ಬಣ್ಣದ ಹಾಳೆಗೆ ಮೆಲಮಿನ್ ಎಂಬ ಜೋಡಣೆ ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ. ಭಾರತದಲ್ಲಿ ಸನ್‌ಮೈಕಾ ಎಂಬ ಒಂದು ಕಂಪೆನಿಯ ಮುದ್ರೆಯೇ ಇಡೀ ಜಾತಿಯ ಹೆಸರಾಗಿ, ಬಳಿಕ ಬಾಯಲ್ಲಿ ಸವೆದು ‘ಮೈಕಾ’ ಎಂದು ಉಳಿಯಿತು. ಮೈಕಾ ಬೇಡವೆಂದು ಹುಟ್ಟಿದ ವಸ್ತು ಮೈಕಾ ಎಂಬ ಹೆಸರಿನಲ್ಲೇ ಮನೆಮಾತಾಗಿರುವುದು ವಿನೋದವಲ್ಲವೇ? ಅದರಲ್ಲಿ ಕಾಗೆಬಂಗಾರದ ಚೂರೂ ಇಲ್ಲ.

ಹಾಗಾದರೆ ಇರುವುದೇನು? ಮುಖ್ಯವಾಗಿ ಕಾಗದ. ತೂಕದಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಕಾಗದ, ಉಳಿದುದು ರಾಳ. ಕಂದು ಬಣ್ಣದ ಗಟ್ಟಿ ಕ್ರಾಫ್ಟ್ ಕಾಗದದ ನಾಲ್ಕಾರು ಪದರ, ಅದರ ಮೇಲೆ ಬಣ್ಣ ಅಥವಾ ಚಿತ್ರವಿರುವ ಕಾಗದ, ಸವೆತ ಹೆಚ್ಚಿರುವ ಕಡೆಗೆ ಎಲ್ಲಕ್ಕೂ ಮೇಲೆ ಪಾರದರ್ಶಕವಾದ ತೆಳುವಾದ ಇನ್ನೊಂದು ಪದರ. ಇವನ್ನು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಸುಮಾರು ೧೪೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಚದರ ಸೆಂಟಿಮೀಟರಿಗೆ ೭೦ ಕಿಲೋಗ್ರಾಂ ಅಥವಾ ಅದಕ್ಕೂ ಮಿಕ್ಕ ಒತ್ತಡದಲ್ಲಿ ಒತ್ತುತ್ತಾರೆ. ಅಧಿಕ ಒತ್ತಡದ ಲ್ಯಾಮಿನೇಟ್ ಎಂಬ ಹೆಸರು ಬಂದಿರುವುದು ಇದರಿಂದ.

ಬೆಲ್ಲದ ಪಾಕ ತಣಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಕರಗುತ್ತದೆ. ಇಡ್ಲಿಯ ಹಿಟ್ಟು ಹಾಗಲ್ಲ. ಒಮ್ಮೆ ಬೆಂದ ಇಡ್ಲಿಯನ್ನು ಎಷ್ಟು ಕಾಯಿಸಿದರೂ ಅದು ಮರಳಿ ಹಿಟ್ಟಾಗದು. ಈ ರಾಳಗಳು ಇಡ್ಲಿಯ ಜಾತಿಗೆ ಸೇರಿದವು. ಆದುದರಿಂದಲೇ ಕಾಯ್ದ ಪಾತ್ರೆ ತಾಗಿದರೆ ಸಾಮಾನ್ಯ ಪ್ಲಾಸ್ಟಿಕ್ಕಿನಂತೆ ಹಾಳೆ ಕರಗುವುದಿಲ್ಲ. ಆದರೆ ಕಾಗದದ ಸ್ವಭಾವ ಅದರಲ್ಲಿ ಅಳಿದಿಲ್ಲ. ಗಾಳಿಯ ತೇವ ಏರಿದರೆ ಹಾಳೆ ಕೊಂಚ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಅದೂ ಉದ್ದಕ್ಕಿಂತ ಅಡ್ಡಕ್ಕೆ ಸುಮಾರು ಎರಡರಷ್ಟು. ಮುಂದೆ ಬರುವ ಎಚ್ಚರಿಕೆಗಳಲ್ಲಿ ಅರ್ಧದಷ್ಟಕ್ಕೆ ಈ ಒಂದು ಸಂಗತಿಯೇ ಮೂಲ.

ತಾಳುವುದು, ತಾಳದಿರುವುದು

ಭಾರತೀಯ ಮಾನಕ ಸಂಸ್ಥೆ ಅಲಂಕಾರದ ಲ್ಯಾಮಿನೇಟ್ ಹಾಳೆಗಳಿಗಾಗಿ ಐ.ಎಸ್. ೨೦೪೬ ಎಂಬ ಮಾನಕವನ್ನು ರೂಪಿಸಿದೆ. ಸವೆತ, ಕುದಿಯುವ ನೀರು, ಒಣ ಶಾಖ, ಪೆಟ್ಟು, ಗೀರು, ಕಲೆ, ಬೆಳಕಿಗೆ ಬಣ್ಣ ಮಾಸುವಿಕೆ ಮೊದಲಾದ ಪರೀಕ್ಷೆಗಳು ಅದರಲ್ಲಿವೆ. ಕೊಳ್ಳುವವರು ಬಣ್ಣದ ಸಂಖ್ಯೆಯನ್ನು ಬರೆದುಕೊಳ್ಳುವಾಗ ಈ ಮಾನಕದ ಸಂಖ್ಯೆ ಹಾಳೆಯ ಹಿಂಬದಿಯಲ್ಲಿಯೋ ತಯಾರಕರ ಪತ್ರದಲ್ಲಿಯೋ ಇದೆಯೇ ಎಂದು ವಿಚಾರಿಸಬೇಕು.

ಒಳ್ಳೆಯ ಹಾಳೆ ಚೆಲ್ಲಿದ ಸಾರಿಗೆ, ಕಾಫಿಗೆ, ಎಣ್ಣೆಗೆ ಅಂಜದು. ಕುದಿನೀರು ಬಿದ್ದು ಕೂಡಲೆ ಒರೆಸಿದರೆ ಗುರುತೂ ಉಳಿಯದು. ಆದರೆ ಹಪ್ಪಳ ಕರಿಯುವ ಎಣ್ಣೆಯ ಕಾವು ೧೮೦ ಡಿಗ್ರಿಯನ್ನು ಮುಟ್ಟುತ್ತದೆ, ದಾಟುವುದೂ ಉಂಟು. ಅಂತಹ ಬಾಣಲೆಯನ್ನಾಗಲಿ, ಇಸ್ತ್ರಿಪೆಟ್ಟಿಗೆಯನ್ನಾಗಲಿ ನೇರವಾಗಿ ಮೇಜಿನ ಮೇಲಿಡುವುದು ಹಾಳೆಯ ಎಲ್ಲೆಯನ್ನು ಮೀರಿದಂತೆ. ಹಾಳೆ ಹೇಗೋ ತಾಳಿಕೊಂಡರೂ ಕೆಳಗಿನ ಅಂಟು ಸಡಿಲಿ ಗುಳ್ಳೆಯೇಳುತ್ತದೆ. ಕರ್ನಾಟಕದ ಅಡಿಗೆಮನೆಗಳಲ್ಲಿ ಒಲೆಕಟ್ಟೆಗೆ ಕಲ್ಲು ಹಾಸುವ ರೂಢಿ ಇದ್ದೇ ಇದೆ. ಆ ರೂಢಿ ಬುದ್ಧಿವಂತಿಕೆಯದು. ಕಟ್ಟೆಯನ್ನು ಕಲ್ಲಿಗೆ ಬಿಟ್ಟು, ಕೆಳಗಿನ ಮತ್ತು ಮೇಲಿನ ಕಪಾಟಿನ ಬಾಗಿಲುಗಳನ್ನು ಲ್ಯಾಮಿನೇಟಿಗೆ ಒಪ್ಪಿಸಿದರೆ ಎರಡೂ ತಮ್ಮ ತಮ್ಮ ಕೆಲಸವನ್ನು ಸೊಗಸಾಗಿ ಮಾಡುತ್ತವೆ. ದೇವರ ಗೂಡಿನಲ್ಲಿಯೂ ಅಷ್ಟೆ. ದೀಪ, ಕರ್ಪೂರ ಇಡುವ ಜಾಗದಲ್ಲಿ ಕಲ್ಲಿನ ಹಲಗೆಯೋ ಹಿತ್ತಾಳೆಯ ತಟ್ಟೆಯೋ ಇರಬೇಕು. ದೀಪದ ಜ್ವಾಲೆಗೆ ನೇರ ಮೇಲೆ ಲ್ಯಾಮಿನೇಟ್ ಹಚ್ಚಿದ ತಗ್ಗು ಸೂರು ಇರಬಾರದು.

ಹಾಳೆಗೆ ಬಿಸಿಲು ಮಳೆಗಳ ಸಹವಾಸವೂ ಒಗ್ಗದು. ಒಳಾಂಗಣಕ್ಕೆಂದು ತಯಾರಾದುದನ್ನು ಬಾಲ್ಕನಿಯ ಬೀರುವಿಗೆ ಹಚ್ಚಿದರೆ ಬಣ್ಣ ಮಾಸಿ ಮೈ ಸೀಳುತ್ತದೆ. ಹೊರಾಂಗಣಕ್ಕೆ ಬೇರೆಯೇ ಜಾತಿಯ ಹಾಳೆಗಳಿವೆ. ಅವನ್ನು ಕೇಳಿ ಪಡೆಯಬೇಕು.

ಹಲಗೆಯೇ ಮೈ, ಹಾಳೆ ಬರಿಯ ಅಂಗಿ

ಬಟ್ಟೆಬೀರುವಿನ ಬಾಗಿಲಿಗೆ ಹಚ್ಚುವ ಹಾಳೆ ಸಾಮಾನ್ಯವಾಗಿ ೦.೮ ಅಥವಾ ೧ ಮಿ.ಮೀ. ದಪ್ಪ. ಅದರ ಕೆಳಗಿನ ಹಲಗೆ ೧೮ ಅಥವಾ ೧೯ ಮಿ.ಮೀ. ಭಾರ ಹೊರುವುದು, ಮೊಳೆ ಹಿಡಿಯುವುದು, ತಿರುಗಣಿಯನ್ನು ಭದ್ರವಾಗಿ ಕಚ್ಚಿಕೊಳ್ಳುವುದು ಎಲ್ಲವೂ ಈ ಹಲಗೆಯ ಕೆಲಸ. ಇಪ್ಪತ್ತರಲ್ಲಿ ಒಂದು ಪಾಲಿಗೆ ಒಂದು ದಿನದ ಚರ್ಚೆ, ಹತ್ತೊಂಬತ್ತು ಪಾಲಿಗೆ ಒಂದು ನಿಮಿಷ ಎಂಬುದು ಯಾವ ಲೆಕ್ಕಕ್ಕೂ ಸರಿಹೊಂದದು.

ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐ.ಎಸ್. ೩೦೩, ನೀರಿನ ಒಡನಾಟಕ್ಕೆ ಹೇಳಿದ ಮೆರೀನ್ ಪ್ಲೈವುಡ್ಡಿಗೆ ಐ.ಎಸ್. ೭೧೦ ಎಂಬ ಮಾನಕಗಳಿವೆ. ತೊಟ್ಟಿಯ ಕೆಳಗೆ, ಸ್ನಾನದ ಮನೆಗೆ ತಾಗಿದ ಗೋಡೆಗೆ, ಪಾತ್ರೆ ತೊಳೆಯುವ ಕಡೆಗೆ ಎರಡನೆಯದೇ ತಕ್ಕುದು. ಮಲಗುವ ಕೋಣೆಯ ಬೀರುವಿಗೆ ಮೊದಲನೆಯದು ಸಾಕು. ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗವಾದುದು, ಸಮತಟ್ಟಾದುದು. ನೀರಿಲ್ಲದ ಕಡೆ, ಹಗುರವಾದ ಪುಸ್ತಕದ ಗೂಡಿಗೆ ನಡೆದೀತು. ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಅದು ಮತ್ತೆ ಇಳಿಯದು. ಅದರಲ್ಲಿ ಒಮ್ಮೆ ಕಳಚಿದ ತಿರುಪು ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂಡದು.

ಮಾರಾಟದಲ್ಲಿ ಇನ್ನೊಂದು ಗೊಂದಲವಿದೆ. ಬಣ್ಣದ ಒಂದೇ ಒಂದು ಕಾಗದವನ್ನು ಮೆಲಮಿನ್‌ನಲ್ಲಿ ಅದ್ದಿ, ಕಡಿಮೆ ಒತ್ತಡದಲ್ಲಿ ನೇರವಾಗಿ ಬೋರ್ಡಿಗೆ ಒತ್ತಿದ ಸಿದ್ಧ ಹಲಗೆಗಳು ಬರುತ್ತವೆ. ನೋಟಕ್ಕೆ ಅವೂ ಲ್ಯಾಮಿನೇಟೇ. ಆದರೆ ಬಣ್ಣದ ಕಾಗದದ ಕೆಳಗೆ ಕ್ರಾಫ್ಟ್ ಪದರಗಳ ಕವಚವಿಲ್ಲದುದರಿಂದ ಪೆಟ್ಟು ಬಿದ್ದರೆ ಬೇಗ ಎದ್ದುಬರುತ್ತವೆ. ಕತ್ತರಿಸಿದ ಅಂಚನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಅಧಿಕ ಒತ್ತಡದ ಹಾಳೆಯಾದರೆ ಬಣ್ಣದ ಕೆಳಗೆ ಸಾಮಾನ್ಯವಾಗಿ ಕಂದು ಅಥವಾ ಕಪ್ಪು ಗೆರೆಯೊಂದು ಕಾಣುತ್ತದೆ. ಸಿದ್ಧ ಹಲಗೆಯಲ್ಲಿ ಬಣ್ಣವಾದ ಕೂಡಲೆ ಬೋರ್ಡೇ ಇರುತ್ತದೆ. ಎರಡೂ ವಸ್ತುಗಳಿಗೆ ಅವುಗಳದೇ ಸ್ಥಾನವಿದೆ. ಒಂದರ ಬೆಲೆ ಕೊಟ್ಟು ಇನ್ನೊಂದನ್ನು ತರಬಾರದಷ್ಟೆ.

ಜೋಡಿ ಎತ್ತಿನ ನ್ಯಾಯ

ಬಾಗಿಲು ಬಿಲ್ಲಾಗುವುದಕ್ಕೆ ಬಡಗಿಯ ಉಳಿಯಾಗಲಿ ಮರದ ಜಾತಿಯಾಗಲಿ ಯಾವಾಗಲೂ ಕಾರಣವಲ್ಲ. ಹೊರಮೈಗೆ ಹಾಳೆ ಹಚ್ಚಿ, ಒಳಮೈಗೆ ಬರಿಯ ಬಣ್ಣ ಬಳಿದು ಹಣ ಉಳಿಸಿದ ಲೆಕ್ಕಾಚಾರವೇ ಅನೇಕ ವೇಳೆ ಕಾರಣ. ಹೊರಗಿನ ಹಾಳೆ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಾ ಹಲಗೆಯನ್ನು ಒಂದೇ ಕಡೆಗೆ ಎಳೆಯುತ್ತದೆ; ಎದುರಿನಿಂದ ತಡೆಯುವವರಿಲ್ಲ. ಜೋಡಿ ಎತ್ತಿನ ಬಂಡಿಗೆ ಒಂದೇ ಎತ್ತನ್ನು ಹೂಡಿದರೆ ಬಂಡಿ ನೇರವಾಗಿ ಸಾಗುವುದುಂಟೆ?

ಆದಕಾರಣ ಒಳಮೈಗೂ ಹಾಳೆ ಬೇಕು. ಅದು ಚಂದದ್ದಾಗಬೇಕಿಲ್ಲ. ಒಳಮೈಗೆಂದೇ ತೆಳುವಾದ ಅಗ್ಗದ ಲೈನರ್ ಹಾಳೆಗಳಿವೆ. ಬೀರುವಿನ ಒಳಭಾಗಕ್ಕೆ ಅವು ಒಪ್ಪುತ್ತವೆ. ಉದ್ದವಾದ ಬಾಗಿಲುಗಳಿಗೆ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮಾನ ದಪ್ಪದ ಹಾಳೆಯನ್ನು, ಗೆರೆಯ ದಿಕ್ಕು ಎರಡರಲ್ಲೂ ಒಂದೇ ಆಗುವಂತೆ ಹಚ್ಚುವುದು ಲೇಸು. ಬಾಗಿಲಿನ ಎತ್ತರ ಹೆಚ್ಚಿದಷ್ಟೂ ಈ ಜೋಡಿ ನ್ಯಾಯವನ್ನು ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸಬೇಕು.

ಹವೆಯ ಮಾತು ಬಂದುದರಿಂದ ಇನ್ನೊಂದು ಸೂಚನೆ. ಮಂಗಳೂರಿನ ಆಷಾಢದ ಗಾಳಿಯೂ ರಾಯಚೂರಿನ ವೈಶಾಖದ ಗಾಳಿಯೂ ಒಂದೇ ಅಲ್ಲ. ಹಾಳೆ ಒಂದು ಗೋದಾಮಿನಿಂದ, ಹಲಗೆ ಇನ್ನೊಂದು ಗೋದಾಮಿನಿಂದ ಬಂದ ದಿನವೇ ಅಂಟು ಹಚ್ಚಿದರೆ ಒಂದು ಹಿಗ್ಗುವ ಹೊತ್ತಿಗೆ ಇನ್ನೊಂದು ಕುಗ್ಗುತ್ತಿರುತ್ತದೆ. ಎರಡನ್ನೂ ಕೆಲಸ ನಡೆಯುವ ಮನೆಯಲ್ಲೇ ಎರಡು ಮೂರು ದಿನ ಒಟ್ಟಿಗೆ ಮಲಗಿಸಿಟ್ಟರೆ ಎರಡಕ್ಕೂ ಅಲ್ಲಿನ ಹವೆ ಒಗ್ಗುತ್ತದೆ. ಹಾಳೆಗಳನ್ನು ಗೋಡೆಗೆ ಒರಗಿಸಿಡದೆ ಸಮತಟ್ಟಾದ ನೆಲದ ಮೇಲೆ ಹರವಿ, ಮೇಲೊಂದು ಹಲಗೆ ಮುಚ್ಚಬೇಕು. ಬಿಳಿಯ ಅಂಟು ಹಚ್ಚಿದ ಬಾಗಿಲುಗಳನ್ನು ಒತ್ತುಗೊಟ್ಟು ರಾತ್ರಿಯೆಲ್ಲ ಬಿಡಬೇಕು. “ನಾಳೆ ಗೃಹಪ್ರವೇಶ, ಇಂದೇ ಮುಗಿಸಿ” ಎಂಬ ಒತ್ತಾಯವನ್ನು ಅಂಟು ಕೇಳುವುದಿಲ್ಲ.

ಅಂಚು ಮತ್ತು ಮೂಲೆ

ಕೋಟೆ ಎಷ್ಟು ಬಲವಾಗಿದ್ದರೂ ವೈರಿ ಬರುವುದು ದಿಡ್ಡಿಬಾಗಿಲಿನಿಂದ. ಲ್ಯಾಮಿನೇಟಿನ ಮುಖದ ಮೂಲಕ ನೀರು ಒಳಗೆ ಹೋಗದು. ಅಂಚಿನ ಮೂಲಕ ಹೋಗುತ್ತದೆ. ಬಾಗಿಲಿನ ಕೆಳ ಅಂಚು ಕಣ್ಣಿಗೆ ಕಾಣದೆಂದು ಅದನ್ನು ಬರಿದಾಗಿ ಬಿಡುವ ಅಭ್ಯಾಸ ಹಲವು ಕಡೆ ಇದೆ. ನೆಲ ಒರೆಸುವ ನೀರು ದಿನವೂ ತಾಗುವುದು ಆ ಅಂಚಿಗೇ. ನಾಲ್ಕು ಅಂಚುಗಳಿಗೂ ಪಟ್ಟಿ ಹಾಕಿಸಬೇಕು. ನೀರಿನ ಕೊಳವೆಗಾಗಿ ಕೊರೆದ ತೂತಿನ ಒಳಮೈಗೂ ವಾರ್ನಿಷನ್ನೋ ಸಿಲಿಕೋನ್ ಮುಲಾಮನ್ನೋ ತುಂಬಿಸಬೇಕು. ಕೆಲಸ ಒಪ್ಪಿಕೊಳ್ಳುವ ದಿನ ಮನೆಯವರು ಬಾಗಿಲಿನ ಮುಖವನ್ನು ನೋಡುವ ಮೊದಲು, ಬಗ್ಗಿ ಅದರ ಕೆಳ ಅಂಚಿನ ಮೇಲೆ ಬೆರಳಾಡಿಸುವುದು ಉತ್ತಮ ಪರೀಕ್ಷೆ.

ಮೂಲೆಯದು ಇನ್ನೊಂದು ಕತೆ. ಮೇಜಿನಲ್ಲಿ ತಂತಿಗಾಗಿಯೋ ತೊಟ್ಟಿಗಾಗಿಯೋ ಚೌಕಾಕಾರದ ಕಿಂಡಿ ಕೊಯ್ದಾಗ ಅದರ ಒಳಮೂಲೆಗಳು ಗರಗಸದ ಚೂಪಿನಲ್ಲೇ ಉಳಿದರೆ, ಹಾಳೆಯ ಎಳೆತವೆಲ್ಲ ಆ ಮೊನೆಯಲ್ಲಿ ಬಂದು ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಅಲ್ಲಿಂದ ಕೂದಲೆಳೆಯಂತಹ ಬಿರುಕು ಹೊರಟು ನಿಧಾನವಾಗಿ ಮುಂದೆ ಸಾಗುತ್ತದೆ. ಮೂಲೆಯನ್ನು ೫ ಮಿ.ಮೀ.ನಷ್ಟಾದರೂ ದುಂಡಾಗಿ ಕೊಯ್ದು ಅರದಿಂದ ನಯಗೊಳಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೆಚ್ಚಿನ ಹಣ ಬೇಕಿಲ್ಲದ, ಬಡಗಿಯೊಡನೆ ಒಂದು ಮಾತಿನಲ್ಲಿ ಆಗಿಹೋಗುವ ಕೆಲಸ ಇದು.

ಮನೆಯೇ ಪ್ರಯೋಗಶಾಲೆ

ಯಾವ ಕೋಣೆಗೆ ಯಾವ ಮೈ ಎಂಬುದನ್ನು ಅಂಗಡಿಯ ಬೆಳಕು ಹೇಳಲಾರದು, ಬಳಕೆ ಹೇಳುತ್ತದೆ. ಅಮೆರಿಕದ ಟೆಕ್ಸಾಸ್ ಪ್ರಾಂತದ ಟೆಂಪಲ್ ಎಂಬ ಊರಿನಲ್ಲಿ ಲ್ಯಾಮಿನೇಟ್ ಕಾರ್ಖಾನೆ ನಡೆಸುತ್ತಿದ್ದ ರಾಲ್ಫ್ ವಿಲ್ಸನ್ ೧೯೫೯ರಲ್ಲಿ ತನಗಾಗಿ ಕಟ್ಟಿಸಿದ ಮನೆಯ ಗೋಡೆ, ಅಡಿಗೆಕಟ್ಟೆ, ಕಪಾಟುಗಳಿಗೆಲ್ಲ, ಸ್ನಾನದ ತುಂತುರಿನ ಕಿರುಕೋಣೆಗೂ ತನ್ನ ಹಾಳೆಗಳನ್ನೇ ಹಚ್ಚಿಸಿದ. ದಿನಬಳಕೆಯಲ್ಲಿ ಅವು ಹೇಗೆ ಬಾಳುತ್ತವೆಂದು ಪ್ರತ್ಯಕ್ಷ ನೋಡುವುದು ಅವನ ಉದ್ದೇಶ. ಮಾರುವವನೇ ತನ್ನ ಮನೆಯಲ್ಲಿ ಪರೀಕ್ಷಿಸಿದನೆಂದ ಮೇಲೆ ಕೊಳ್ಳುವವರು ಪರೀಕ್ಷಿಸುವುದರಲ್ಲಿ ಸಂಕೋಚವೇನು?

ಇಷ್ಟವಾದ ಎರಡು ಮೂರು ಮಾದರಿ ತುಂಡುಗಳನ್ನು ಮನೆಗೆ ತರಬೇಕು. ಒಂದೊಂದರ ಮೇಲೂ ಅರಿಸಿನ ಕಲಸಿದ ಎಣ್ಣೆ, ಕಾಫಿಯ ಡಿಕಾಕ್ಷನ್, ನಿಂಬೆರಸಗಳ ತೊಟ್ಟನ್ನು ಹಾಕಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಸೋಪಿನ ನೀರಿನಲ್ಲಿ ಒರೆಸಿದರೆ ಯಾವುದು ಕಲೆ ಹಿಡಿಯುತ್ತದೆಂದು ತಿಳಿಯುತ್ತದೆ. ಸ್ಟೀಲ್ ಡಬ್ಬಿಯ ತಳವನ್ನು ನಾಲ್ಕು ಸಲ ಎಳೆದಾಡಿದರೆ ಗೀರಿನ ಕತೆ ತಿಳಿಯುತ್ತದೆ. ಎಣ್ಣೆಗೈಯಿಂದ ಮುಟ್ಟಿದರೆ ಬೆರಳಚ್ಚಿನ ಕತೆ ತಿಳಿಯುತ್ತದೆ.

ಇಂತಹ ಪರೀಕ್ಷೆಯಿಂದ ಸಾಮಾನ್ಯವಾಗಿ ತೋರಿಬರುವುದು ಇಷ್ಟು. ಗಾಢ ಬಣ್ಣದ ಹೊಳಪು ಮೈ ಅಂಗಡಿಯಲ್ಲಿ ರಾಜಠೀವಿಯಿಂದಿದ್ದರೂ ಮಕ್ಕಳಿರುವ ಮನೆಯಲ್ಲಿ ಪ್ರತಿಯೊಂದು ಗೀರನ್ನೂ ಬೆರಳನ್ನೂ ಧೂಳನ್ನೂ ಸಾರಿ ಹೇಳುತ್ತದೆ. ಆಳವಾದ ಗೆರೆಗಳಿರುವ ಒರಟು ಮೈ ಮಲಗುವ ಕೋಣೆಗೆ ಚೆನ್ನ. ಒಗ್ಗರಣೆಯ ಜಿಡ್ಡು ಹಾರುವ ಅಡಿಗೆಮನೆಯಲ್ಲಿ ಗೆರೆಗಳೊಳಗೆ ಕೊಳೆ ಕೂಡುತ್ತದೆ. ಅಲ್ಲಿಗೆ ಗೆರೆಯಿಲ್ಲದ, ರೇಷ್ಮೆಯಂತೆ ಮಂಕಾದ, ನಡುತರದ ಬಣ್ಣವೇ ಸುಖ. ಓದುವ ಮೇಜಿಗೆ ಹೊಳಪು ಬೇಡ. ದೀಪದ ಪ್ರತಿಫಲನ ಮಕ್ಕಳ ಕಣ್ಣಿಗೆ ಕುಕ್ಕುತ್ತದೆ. ಬಚ್ಚಲಿನ ಕಪಾಟಿಗೆ ಹಲಗೆಯೇ ಬೇಡದ, ಹಲವು ಮಿ.ಮೀ. ದಪ್ಪಕ್ಕೆ ಪದರಗಳನ್ನೇ ಪೇರಿಸಿ ಒತ್ತಿದ ಕಾಂಪ್ಯಾಕ್ಟ್ ಹಾಳೆ ದುಬಾರಿಯಾದರೂ ಬಾಳುತ್ತದೆ.

ಬಣ್ಣವನ್ನು ನೋಡುವಾಗ ಅದು ಬಳಕೆಯಾಗುವ ಕೋಣೆಯಲ್ಲೇ, ಹಗಲಲ್ಲೊಮ್ಮೆ, ರಾತ್ರಿಯ ದೀಪದಲ್ಲೊಮ್ಮೆ ನೋಡಬೇಕು. ಹಗಲಿನಲ್ಲಿ ಜೋಡಿಯಾಗಿ ಕಂಡ ಎರಡು ಬಣ್ಣ ದೀಪದಲ್ಲಿ ಬೇರೆಯಾಗುವುದುಂಟು. ತುಂಡನ್ನು ಮೇಜಿನ ಮೇಲೆ ಮಲಗಿಸಿ ನೋಡುವುದು ಸಾಲದು. ಬಾಗಿಲು ನಿಲ್ಲುವಂತೆ ನಿಲ್ಲಿಸಿ ನೋಡಬೇಕು. ದೊಡ್ಡ ಗೆರೆಯ ಚಿತ್ರವಾದರೆ ಅಂಗೈಯಗಲದ ತುಂಡಿನಿಂದ ಏನೂ ತಿಳಿಯದು. ಇಡೀ ಹಾಳೆಯನ್ನು ತೋರಿಸಲು ಕೇಳಬೇಕು.

ಲ್ಯಾಮಿನೇಟು ಮರದ ವೇಷ ಹಾಕಲೇಬೇಕೇ ಎಂಬುದು ರುಚಿಯ ಪ್ರಶ್ನೆ. ೧೯೮೧ರಲ್ಲಿ ಇಟಲಿಯ ಮಿಲಾನಿನಲ್ಲಿ ಎತ್ತೋರೆ ಸೊತ್ಸಾಸ್ ಮತ್ತು ಅವರ ಮೆಂಫಿಸ್ ಬಳಗದವರು ಮರದ ಸೋಗೇ ಇಲ್ಲದೆ, ಉಜ್ವಲ ಬಣ್ಣಗಳ ಲ್ಯಾಮಿನೇಟನ್ನು ಲ್ಯಾಮಿನೇಟಾಗಿಯೇ ಮೆರೆಸಿದ ಪೀಠೋಪಕರಣಗಳನ್ನು ಪ್ರದರ್ಶಿಸಿದರು. ಸೊತ್ಸಾಸ್‌ರ ‘ಕಾರ್ಲ್‌ಟನ್’ ಎಂಬ ಪುಸ್ತಕದ ಕಪಾಟು ಅವುಗಳಲ್ಲಿ ಪ್ರಸಿದ್ಧ. ಅಷ್ಟು ಬಣ್ಣ ಎಲ್ಲರ ಮನೆಗೆ ಒಗ್ಗದಿದ್ದರೂ ಒಂದು ಮಾತು ಅದರಿಂದ ಗ್ರಾಹ್ಯ. ತೇಗದ ಚಿತ್ರವಿರುವ ಹಾಳೆ ತೇಗವಲ್ಲ. ನಿಜವಾದ ತೇಗದ ಕುರ್ಚಿಯ ಪಕ್ಕದಲ್ಲಿ ಅದನ್ನು ನಿಲ್ಲಿಸಿದರೆ ಎರಡರ ಅಂದವೂ ಕೆಡುತ್ತದೆ. ಅಜ್ಜನ ಕಾಲದ ಮರದ ಸಾಮಾನಿರುವ ಕೋಣೆಗೆ ಸಾದಾ ಬಣ್ಣದ ಹಾಳೆಯೇ ಹೆಚ್ಚು ಗೌರವದ ಜೊತೆ.

ಅಡಿಯ ಲೆಕ್ಕ

ಹಾಳೆ ಬರುವುದು ಸಾಮಾನ್ಯವಾಗಿ ೮ ಅಡಿ ಉದ್ದ, ೪ ಅಡಿ ಅಗಲದಲ್ಲಿ. ಬೀರುವಿನ ಅಳತೆಯನ್ನು ಗೊತ್ತುಮಾಡುವ ಮೊದಲೇ ಈ ಅಳತೆಯನ್ನು ನೆನೆಯುವುದು ಜಾಣತನ. ೭ ಅಡಿ ಎತ್ತರದ ಬೀರುವಿನ ಮುಖ ೪ ಅಡಿಗಿಂತ ಕೂದಲೆಳೆ ಕಡಿಮೆ ಇದ್ದರೆ, ಎರಡು ಬಾಗಿಲಿನ ಹೊರಮೈಗೆ ಒಂದೇ ಹಾಳೆ ಸಾಕು. ಅದನ್ನೇ ೫ ಅಡಿಗೆ ಏರಿಸಿ ೨೦ ಅಂಗುಲದ ಮೂರು ಬಾಗಿಲು ಮಾಡಿದರೆ ಎರಡನೆಯ ಹಾಳೆ ಬೇಕು. ಅದರ ಅಗಲದಲ್ಲಿ ೨೮ ಅಂಗುಲ ಮಿಗುತ್ತದೆ. ಬೀರುವಿನ ಒಂದು ಪಕ್ಕ ಹೊರಗೆ ಕಾಣುವಂತಿದ್ದರೆ ಸುಮಾರು ೨ ಅಡಿ ಅಗಲದ ಆ ಪಕ್ಕಕ್ಕೆ ಈ ಮಿಕ್ಕ ಭಾಗ ಸರಿಹೋಗುತ್ತದೆ. ಇಲ್ಲವಾದರೆ ಅದು ಅಟ್ಟ ಸೇರುತ್ತದೆ. ಗೆರೆಯ ಹಾಳೆಯನ್ನು ಅಡ್ಡಡ್ಡ ತಿರುಗಿಸಿ ಹೊಂದಿಸಲಾಗದೆಂಬುದನ್ನೂ ಮರೆಯಬಾರದು. ಕಾಗದದ ಮೇಲೆ ಪೆನ್ಸಿಲಿನಿಂದ ಅರ್ಧ ಗಂಟೆ ಕಳೆದರೆ ಒಂದೆರಡು ಹಾಳೆಗಳ ಬೆಲೆ ಉಳಿಯುತ್ತದೆ. ಆ ಹಣವನ್ನು ಹಲಗೆಗೆ ಕೊಡಬಹುದು.

ಒಂದೇ ಸಂಖ್ಯೆಯ ಬಣ್ಣವಾದರೂ ಬೇರೆ ಬೇರೆ ದಿನ ತಯಾರಾದ ಹಾಳೆಗಳಲ್ಲಿ ಛಾಯೆ ತುಸು ಬದಲಾಗುವುದುಂಟು. ಒಂದು ಕೋಣೆಗೆ ಬೇಕಾದುದನ್ನೆಲ್ಲ ಒಮ್ಮೆಲೆ, ಒಂದೇ ತಂಡದಿಂದ ತರಿಸಬೇಕು. ಮುಂದಿನ ದುರಸ್ತಿಗೆಂದು ಉಳಿದ ತುಂಡನ್ನೂ ಅದರ ಸಂಖ್ಯೆಯನ್ನೂ ಜೋಪಾನವಾಗಿಡಬೇಕು.

ಉಸಿರಿನ ಮಾತು

ಹೊಸ ಬೀರುವಿನ ಬಾಗಿಲು ತೆರೆದಾಗ ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ ವಾಸನೆಯನ್ನು ‘ಹೊಸತರ ಪರಿಮಳ’ ಎಂದು ತಳ್ಳಿಹಾಕುವುದು ಸರಿಯಲ್ಲ. ಪ್ಲೈವುಡ್ಡು ಮತ್ತು ಬೋರ್ಡುಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ ಅದರಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ೨೦೦೪ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪೂರ್ಣವಾಗಿ ಬೆಂದು ಗಟ್ಟಿಯಾದ ಲ್ಯಾಮಿನೇಟ್ ಹಾಳೆಯಿಂದ ಅದು ಹೊರಡುವುದು ಅತ್ಯಲ್ಪ. ಹೆಚ್ಚಿನದು ಬರುವುದು ಒಳಗಿನ ಹಲಗೆಯಿಂದ. ಇಲ್ಲಿಯೂ ಮತ್ತೆ ಹಲಗೆಯೇ!

ಭಯಪಡಬೇಕಾಗಿಲ್ಲ, ಎಚ್ಚರ ಬೇಕು. ಹಲಗೆ ಕೊಳ್ಳುವಾಗ ಕಡಿಮೆ ಅನಿಲ ಬಿಡುವ ‘ಇ-೧’ ದರ್ಜೆಯದನ್ನೇ ಕೇಳಬೇಕು. ಎರಡೂ ಮೈಗೆ ಹಾಳೆ, ನಾಲ್ಕೂ ಅಂಚಿಗೆ ಪಟ್ಟಿ ಹಾಕಿಸಿದರೆ ಅನಿಲ ಹೊರಬರುವ ದಾರಿಯೂ ಕಿರಿದಾಗುತ್ತದೆ. ಬಾಗಿಲು ಬಾಗದಿರಲೆಂದು ಮಾಡಿದ ಕೆಲಸ ಮಕ್ಕಳ ಶ್ವಾಸಕ್ಕೂ ಒದಗಿತು. ಕೆಲಸ ಮುಗಿದ ಮೇಲೆ ಕೆಲವು ವಾರ ಬೀರುಗಳನ್ನೂ ಕಿಟಕಿಗಳನ್ನೂ ತೆರೆದಿಟ್ಟು ಗಾಳಿಯಾಡಿಸಬೇಕು. ಆಮೇಲೆ ಬಟ್ಟೆ ತುಂಬಬೇಕು. ಉಬ್ಬಸದವರು, ಎಳೆಯ ಕೂಸುಗಳು ಇರುವ ಮನೆಯಲ್ಲಿ ಇದು ಇನ್ನೂ ಅಗತ್ಯ. ಹಾಳೆ, ಹಲಗೆಗಳನ್ನು ಕೊಯ್ಯುವವರಿಗೆ ಮೂಗುಮುಚ್ಚುವ ಮುಖವಾಡ ಒದಗಿಸುವುದು ಕೆಲಸ ಮಾಡಿಸುವವರ ಧರ್ಮ. ಆ ಧೂಳನ್ನು ಅವರು ಒಂದು ಮನೆಯಲ್ಲಿ ಒಂದು ವಾರವಲ್ಲ, ಊರಿನ ಮನೆಮನೆಯಲ್ಲೂ ವರ್ಷವಿಡೀ ಉಸಿರಾಡುತ್ತಾರೆ.

ಒಮ್ಮೆ ಮಾತ್ರ ಆರಿಸುವ ವಸ್ತು

ತೇಗದ ಮೇಜು ಗೀರಿದರೆ ಹತ್ತರಿ ಹಿಡಿದು ಮತ್ತೆ ಮೆರುಗು ಕೊಡಿಸಬಹುದು. ಅಜ್ಜನ ಮೇಜು ಮೊಮ್ಮಗನಿಗೂ ಹೊಸದಾಗುತ್ತದೆ. ಲ್ಯಾಮಿನೇಟಿಗೆ ಆ ಭಾಗ್ಯವಿಲ್ಲ. ಅದರ ಬಣ್ಣವಿರುವುದು ಕಾಗದದ ಒಂದು ಪದರದಲ್ಲಿ; ಉಜ್ಜಿದರೆ ಕೆಳಗೆ ಬರುವುದು ಕಂದು ಕ್ರಾಫ್ಟ್. ಬೆಂದ ಇಡ್ಲಿ ಹಿಟ್ಟಾಗದಂತೆ ಹಳೆಯ ಹಾಳೆಯನ್ನು ಕರಗಿಸಿ ಹೊಸದು ಮಾಡಲೂ ಆಗದು. ಕೆಟ್ಟುದು ಕಸವೇ. ಹೀಗಿರುವುದರಿಂದ ಆರಿಸುವಾಗಲೇ ಹತ್ತು ಹದಿನೈದು ವರ್ಷಗಳ ಬಾಳನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಆರಿಸಿದ ಮೇಲೆ ಅದರ ಆರೈಕೆ ಅತಿ ಸುಲಭ. ಮೆತ್ತನೆಯ ಬಟ್ಟೆ, ತೆಳು ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಪಾತ್ರೆ ತಿಕ್ಕುವ ಪುಡಿ, ಉಕ್ಕಿನ ನಾರು, ಬಚ್ಚಲು ತೊಳೆಯುವ ಆಮ್ಲ ಇವು ಮೂರೂ ನಿಷಿದ್ಧ. ಅರಿಸಿನ, ಕುಂಕುಮ ಬಿದ್ದರೆ ಕೂಡಲೆ ಒರೆಸಬೇಕು.

ಅಂಗಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಕ್ರಮವಾಗಿ ಬರೆದುಕೊಂಡರೆ ಮರೆವಿಗೆ ಎಡೆಯಿಲ್ಲ. ಮೊದಲು ಹಲಗೆ, ಎರಡನೆಯದು ಒಳಮೈಯ ಹಾಳೆ, ಮೂರನೆಯದು ಅಂಚಿನ ಪಟ್ಟಿ ಮತ್ತು ತಿರುಗಣಿ, ನಾಲ್ಕನೆಯದು ಹೊರಮೈ, ಕೊನೆಯದು ಬಣ್ಣ. ಹಣ ಸಾಲದೆ ಬಂದರೆ ಚೀಟಿಯ ಕೆಳಗಿನಿಂದ ಕಡಿಮೆ ಮಾಡುತ್ತ ಬರಬೇಕು, ಮೇಲಿನಿಂದಲ್ಲ. ಸಾದಾ ಬಣ್ಣದ ನೆಟ್ಟನೆಯ ಬಾಗಿಲು ಹದಿನೈದು ವರ್ಷ ಸದ್ದಿಲ್ಲದೆ ಮುಚ್ಚಿ ತೆರೆಯುತ್ತದೆ. ಅದರ ಬಣ್ಣವನ್ನು ಬಂದ ನೆಂಟರು ಹೊಗಳದಿದ್ದರೂ ಮನೆಯವರಿಗೆ ಕೊರತೆಯೇನೂ ಆಗದು.